ರಾಣಿಯಮ್ಮನ ಲಾಯದ ಬಾಗಿಲು

ಆ ದೀಪ ಸ್ವಲ್ಪ ಸಣ್ಣದು ಮಾಡು. ಆರಿಸಬೇಡ... ಸಣ್ಣದು ಮಾಡಿದ್ರೆ ಸಾಕು. ಇದನ್ನ ಪೂರ್ತಿ ಕತ್ತಲಲ್ಲಿ ಹೇಳೋಷ್ಟು ಧೈರ್ಯ ನನಗೇ ಇಲ್ಲ.

ನಮ್ಮ ದೊಡ್ಡಪ್ಪನ ಮಗಳು, ನಾನು ಅಕ್ಕ ಅಂತ ಕರೀತೀನಲ್ಲ, ಅವಳಿಗೆ ಆಗಿದ್ದು ಇದು. ಅವರಿವರು ಹೇಳಿದ್ದಲ್ಲ. ಅವಳ ಬಾಯಿಂದಲೇ ಕೇಳಿದ್ದು. ಭಾವನೂ ಹೇಳಿದ್ದಾರೆ, ಅದೂ ನಗದೆ ಹೇಳಿದ್ದಾರೆ. ಅವರು ನಗದೆ ಹೇಳಿದ್ದು ಅಂದ್ರೆ ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಒಂದು ರಾತ್ರಿ ಅಕ್ಕ ನಡ್ಕೊಂಡು ಮನೆಗೆ ಬರ್ತಿದ್ಲು. ಒಬ್ಬಳೇ. ಊರಾಚೆ ದಾರಿ. ಎಡಗಡೆ ಒಂದು ಪಾಳು ಬಾವಿ, ಕಟ್ಟೆ ಅರ್ಧ ಕುಸಿದಿತ್ತು. ಗಾಳಿ ಇಲ್ಲ. ಎಲೆ ಅಲ್ಲಾಡ್ತಿಲ್ಲ. ಅವಳ ಚಪ್ಪಲಿ ಸದ್ದೊಂದೇ... ಚರ್... ಚರ್... ಚರ್...

ಬಾವಿ ದಾಟಿದ್ಲು. ಆಗ ಕೇಳಿಸ್ತು.

ಕರ್ರ್ರ್... ಟಕ್.

ತುಕ್ಕು ಹಿಡಿದ ಚಿಲಕ ಎಳೆದು ಕೂರಿಸಿದ ಸದ್ದು. ಅವಳು ಆಗಷ್ಟೇ ಬಿಟ್ಟು ಬಂದಿದ್ದ ರಾಣಿಯಮ್ಮನ ಕುದುರೆ ಲಾಯ ಎಷ್ಟೋ ಹಿಂದೆ ಉಳಿದಿತ್ತು. ಆದ್ರೆ ಸದ್ದು ಬಂದಿದ್ದು ಕಿವಿ ಪಕ್ಕದಲ್ಲೇ. ಯಾರೋ ಬೆನ್ನ ಹಿಂದೆ ನಿಂತು ಬಾಗಿಲು ಹಾಕಿದ ಹಾಗೆ.

ಅಕ್ಕ ನಿಂತ್ಲು. ಆ ಬಾಗಿಲನ್ನ ಅವಳು ತೆರೆದಿಟ್ಟು, ಮುಚ್ಚದೇ ಇರಲಿ ಅಂತ ಇಟ್ಟಿಗೆ ಅಡ್ಡ ಇಟ್ಟು ಬಂದಿದ್ಲು. ಒಳಗಿದ್ದ ಕುದುರೆಗೆ ಗಾಳಿ ಬೇಕಿತ್ತು. ವಾಪಸ್ ಹೋದ್ಲು. ನಿನಗೆ ಹೆದರಿಕೆ ಆಗಲಿಲ್ವಾ ಅಂತ ನಾನು ಆಮೇಲೆ ಕೇಳಿದ್ದೆ. ಆಯ್ತು, ಆದ್ರೆ ಕುದುರೆ ಒಳಗಿತ್ತಲ್ಲ ಅಂದ್ಲು.

ಹೋಗಿ ನೋಡಿದ್ರೆ ಬಾಗಿಲು ಹಾರು ಹೊಡೆದಿತ್ತು. ಇಟ್ಟಿಗೆ ಇಟ್ಟಲ್ಲೇ ಇತ್ತು. ಕುದುರೆ ಮಾತ್ರ ಹಿಂದಿನ ಗೋಡೆಗೆ ಅಂಟಿಕೊಂಡು ನಿಂತಿತ್ತು. ಕಿವಿ ಹಿಂದಕ್ಕೆ ಮಡಚಿ, ಚರ್ಮ ಅದುರಿಸ್ತಾ.

ಮನೆಗೆ ಬಂದು ಭಾವನ ಪಕ್ಕ ಮಲಗಿ ಪಿಸುಗುಟ್ಟಿದ್ಲು.

"ಯಾರೋ ಬಾಗಿಲು ಹಾಕಿದ್ರು ರೀ."

"ಹೋಗಿ ನೋಡಿದ್ಯಾ?"

"ನೋಡ್ದೆ."

"ಹಾಕಿತ್ತಾ?"

"ಇಲ್ಲ... ತೆರೆದೇ ಇತ್ತು."

"ಹಾಗಾದ್ರೆ ಮಲ್ಕೋ."

ಭಾವ ಹಾಗೇ. ಅವರ ಕೆಲಸ ಲಿಫ್ಟ್ ರಿಪೇರಿ. ಕಟ್ಟಡಗಳಲ್ಲಿ ಲಿಫ್ಟ್ ಅರ್ಧಕ್ಕೆ ನಿಂತು ಜನ ಒಳಗೆ ಸಿಕ್ಕಿಹಾಕ್ಕೊಂಡ್ರೆ ಅವರಿಗೆ ಫೋನ್ ಬರುತ್ತೆ. ಸಿಕ್ಕಿಬಿದ್ದವರನ್ನ ಬಿಡಿಸೋದೇ ಹೊಟ್ಟೆಪಾಡು. ಮುಚ್ಚಿದ ಬಾಗಿಲು ಅಂದ್ರೆ ಅವರಿಗೆ ದೆವ್ವ ಅಲ್ಲ, ಎಲ್ಲೋ ಸವೆದ ತಂತಿ. ಅಕ್ಕನನ್ನ ಮದುವೆ ಆಗೋ ತನಕ ಅವರಿಗೆ ಗೊತ್ತಿದ್ದ ಕುದುರೆ ಚದುರಂಗದ್ದು ಒಂದೇ.

ಅಕ್ಕ ಹಗಲು ಔಷಧಿ ಅಂಗಡಿಯಲ್ಲಿ ಕೆಲಸ ಮಾಡ್ತಾಳೆ. ಉಳಿದ ಹೊತ್ತೆಲ್ಲ ಕುದುರೆ. ಸುಮ್ಮನೆ ಕುದುರೆ ಅಲ್ಲ, ಅರಬ್ಬೀ ಕುದುರೆ, ಅದೂ ಯಾರಿಗೂ ಬೇಡವಾದದ್ದು. ಜನ ಆ ಕುದುರೆಯ ಅಂದಕ್ಕೆ ಮರುಳಾಗ್ತಾರೆ. ಒಳಕ್ಕೆ ಬಾಗಿದ ಸಣ್ಣ ಮುಖ, ದೊಡ್ಡ ಕಣ್ಣು, ಓಡೋವಾಗ ಬಾವುಟದ ಥರ ಮೇಲೆದ್ದ ಬಾಲ. ನೆಂಟರಿಗೆ ತೋರಿಸೋಕೆ ಅಂತ ತಗೋತಾರೆ. ಆಮೇಲೆ ಗೊತ್ತಾಗುತ್ತೆ, ಅದು ಷೋಕೇಸಿನ ಗೊಂಬೆ ಅಲ್ಲ, ತಿನ್ನುತ್ತೆ, ಲದ್ದಿ ಹಾಕುತ್ತೆ, ಮನಸ್ಸಿಗೆ ಬೇಜಾರಾದ್ರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತೆ ಅಂತ. ಕುದುರೆ ಕಂಡ್ರೆ ಕಾಲುನೋವು ಅಂತ ಗಾದೆ. ಇಂಥವರಿಗೆ ಕುದುರೆ ಕಂಡ್ರೆ ತಲೆನೋವು. ಹಿತ್ತಲಲ್ಲಿ ಕಟ್ಟಿ ಮರೆತುಬಿಡ್ತಾರೆ. ಗೊರಸು ಬೆಳೆದು ಚಪ್ಪಲಿ ತುದಿ ಥರ ಮೇಲಕ್ಕೆ ಸುರುಳಿ ಸುತ್ತಿಕೊಂಡಿರುತ್ತೆ, ಎಲುಬು ಎಣಿಸಬಹುದು... ಆಗ ಯಾರಾದ್ರೂ ಅಕ್ಕನಿಗೆ ಹೇಳಿ ಕಳಿಸ್ತಾರೆ. ಅವಳು ತಂದು, ಮೇಯಿಸಿ, ಗೊರಸು ಕತ್ತರಿಸಿ, ಮನುಷ್ಯರ ಕೈ ಮೈ ಸೋಕಿದ್ರೆ ಬೆಚ್ಚದ ಹಾಗೆ ಮಾಡ್ತಾಳೆ. ಅಷ್ಟಾದ ಮೇಲೆ ಯಾರಿಗೂ ಕೊಡೋಕೆ ಅವಳಿಗೆ ಮನಸ್ಸು ಬರಲ್ಲ. ನಮ್ಮ ಮನೆಯಲ್ಲಿ ಹದಿನೇಳು ಕಾಲಿಗೆ ನಾನೊಬ್ಬನೇ ಗಂಡ ಅಂತ ಭಾವ ಹೇಳ್ತಿದ್ರು. ನಾಲ್ಕು ಕುದುರೆ, ಅದರಲ್ಲಿ ಒಂದು ಕುಂಟು ಅಂತ ಮೂರೇ ಕಾಲು, ಅದರ ಜತೆ ಅಕ್ಕನೂ ಲೆಕ್ಕಕ್ಕೆ ಬಂದಳಂತೆ. ಅವರ ಲೆಕ್ಕ ಯಾವತ್ತೂ ಹೀಗೇ. ಬಿಡು.

ರಾಣಿಯಮ್ಮ ಅಂತ ಒಬ್ಬರಿದ್ರು. ನಿಜವಾದ ಹೆಸರು ಯಾರೂ ಬಳಸ್ತಿರಲಿಲ್ಲ. ನೆಟ್ಟಗೆ ನಡೀತಿದ್ರು, ಯಾರ ಮನೆಗೂ ಹೋಗ್ತಿರಲಿಲ್ಲ, ಅದಕ್ಕೆ ಆ ಹೆಸರು. ಊರಾಚೆ ದೊಡ್ಡ ಅಂಗಳ, ಹಿಂದೆ ಕಲ್ಲಿನ ಲಾಯ, ಒಳಗೆ ಅರಬ್ಬೀ ಕುದುರೆಗಳು. ಒಂದು ಕಾಲದಲ್ಲಿ ಅವರ ಕುದುರೆ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಿದ್ರಂತೆ. ದಿನಾ ಬೆಳಗಾಗೋ ಮುಂಚೆ ರಾಣಿಯಮ್ಮನೇ ಜೀನು ಬಿಗಿದು ಸವಾರಿ ಹೊರಡ್ತಿದ್ರಂತೆ. ಕುದುರೆ ಅನ್ನೋ ಹಾಗಿರಲಿಲ್ಲ ಅವರ ಮುಂದೆ. ಮಕ್ಕಳು ಅನ್ನಬೇಕು.

ಆಮೇಲೆ ಅವರಿಗೆ ಕಾಯಿಲೆ ಬಂತು. ಕೈಲಾಗದೇ ಹೋಯ್ತು. ಯಾರನ್ನಾದ್ರೂ ಕರೆದು, ನನಗೆ ಆಗ್ತಿಲ್ಲ, ನೀವು ನೋಡ್ಕೊಳ್ಳಿ ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಜಾತಿ. ಎಲ್ಲ ಕುದುರೆ ಮಾರಿಬಿಟ್ಟೆ ಅಂತ ಹೇಳಿಬಿಟ್ರು. ಬೀದಿಯವರು ಅನುಮಾನ ಬಂದು ಒಂದೆರಡು ಸಲ ಲಾಯದೊಳಗೆ ಇಣುಕಿ ನೋಡಿದ್ರಂತೆ. ಖಾಲಿ. ಬಾಗಿಲೆಲ್ಲ ತೆರೆದಿತ್ತು, ಒಳಗೆ ಏನೂ ಇರಲಿಲ್ಲ ಅಂತ ಅವರೆಲ್ಲ ಈಗಲೂ ಹೇಳ್ತಾರೆ.

ರಾಣಿಯಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ್ರು. ಅವರ ತಮ್ಮ ಒಬ್ಬರು, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಕೊಂಡವರು, ಮನೆ ನೋಡ್ಕೊಳ್ಳೋಕೆ ಬಂದು ಅಲ್ಲೇ ಮಲಗಿದ್ರು. ರಾತ್ರಿ ಲಾಯದಿಂದ ಸದ್ದು. ಕಟ್... ಕರ್ರ್... ಕಟ್... ಯಾವುದೋ ಪ್ರಾಣಿ ಮರ ಕಡೀತಿರೋ ಸದ್ದು. ಟಾರ್ಚ್ ಹಿಡ್ಕೊಂಡು ಹೋಗಿ ಒಂದೊಂದು ಕೋಣೆಯೂ ನೋಡಿದ್ರು. ಏನಿಲ್ಲ. ವಾಪಸ್ ಬಂದು ಮಲಗಿದ್ರೆ ಮತ್ತೆ... ಕಟ್... ಕರ್ರ್...

ಬೆಳಿಗ್ಗೆ ಲಾಯಕ್ಕೆ ಹೋದವರು ಬೆಚ್ಚಿ ಅಕ್ಕನಿಗೆ ಫೋನ್ ಮಾಡಿದ್ರು. ಅಕ್ಕ ಹೋದ್ಲು. ತುದಿಯ ಕೋಣೆಯಲ್ಲಿ ಒಂದು ಬೂದು ಬಿಳಿ ಹೆಣ್ಣು ಕುದುರೆ ನಿಂತಿತ್ತು. ಕುದುರೆ ಅನ್ನೋದಕ್ಕಿಂತ ಎಲುಬಿನ ಗೂಡು ಅನ್ನಬೇಕು. ಎಲುಬಿನ ಮೇಲೆ ಒದ್ದೆ ಬಟ್ಟೆ ಹರವಿದ ಹಾಗೆ ಚರ್ಮ. ಪಕ್ಕದ ಎರಡು ಕೋಣೆಯಲ್ಲಿ ಇನ್ನೆರಡು ಬಿದ್ದಿದ್ವು. ಅವು ಸತ್ತು ಎಷ್ಟು ದಿನ ಆಗಿತ್ತೋ.

ನಿನ್ನೆ ರಾತ್ರಿ ಇರಲಿಲ್ಲಮ್ಮ, ನನ್ನಾಣೆ ಇರಲಿಲ್ಲ ಅಂತ ಆ ಮನುಷ್ಯ ಅಂಗಳದಲ್ಲಿ ಕೂತು ಅತ್ತರಂತೆ. ಯಾರು ನಂಬ್ತಾರೆ? ಕನ್ನಡಕ ಮಾರೋನಿಗೇ ಕುದುರೆ ಕಾಣಲಿಲ್ವಂತೆ ಅಂತ ಪೇಟೆಯೆಲ್ಲ ನಕ್ಕಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ ಅಂತ ನಾನೂ ಅಂದೆ. ಅಂದಿದ್ದಕ್ಕೆ ಈಗ ನಾಚಿಕೆ ಆಗುತ್ತೆ.

ಪ್ರಾಣಿಗಳ ಡಾಕ್ಟ್ರು ಬಂದು ನೋಡಿದ್ರು. ಲಾರಿ ಹತ್ತಿಸೋ ಹಾಗಿಲ್ಲ, ದಾರಿಯಲ್ಲೇ ಹೋಗುತ್ತೆ ಅಂದ್ರು. ಇಷ್ಟು ಹಸಿದ ಹೊಟ್ಟೆಗೆ ಒಂದೇ ಸಲ ತಿನ್ನಿಸಿದ್ರೆ ತಿಂದದ್ದೇ ವಿಷ. ಒಂದೊಂದು ಹಿಡಿ ಹುಲ್ಲು, ನೀರಲ್ಲಿ ನೆನೆಸಿ, ಬಿಟ್ಟು ಬಿಟ್ಟು, ಹಗಲೂ ರಾತ್ರಿ. ಮಲಗೋಕೆ ಮಾತ್ರ ಬಿಡಬೇಡ, ಮಲಗಿದ್ರೆ ಏಳೋ ಶಕ್ತಿ ಇಲ್ಲ ಅಂತ ಹೇಳಿ ಹೋದ್ರು. ಅದಕ್ಕೇ ಅಕ್ಕ ರಾತ್ರಿ ಹೊತ್ತು ಆ ಬಾವಿ ದಾರಿಯಲ್ಲಿ ಓಡಾಡ್ತಿದ್ದಿದ್ದು. ಸ್ಕೂಟರಿನ ಸದ್ದಿಗೆ ಕುದುರೆ ಬೆಚ್ಚುತ್ತೆ ಅಂತ ನಡ್ಕೊಂಡೇ ಹೋಗ್ತಿದ್ಲು. ಕನ್ನಡಕದವರು ಆ ಮನೆಯಲ್ಲಿ ಮತ್ತೆ ಮಲಗಲಿಲ್ಲ.

ಕುದುರೆಗೆ ಬೆಳ್ಳಿ ಅಂತ ಹೆಸರಿಟ್ಲು. ಬೆಳ್ಳಿ ತಿನ್ನೋಕೆ ಶುರು ಮಾಡ್ತು. ನಿಧಾನಕ್ಕೆ ಕಣ್ಣಿಗೆ ಜೀವ ಬಂತು. ಆದ್ರೆ ಒಂದು ವಿಚಿತ್ರ... ಅದು ಕೋಣೆ ಬಿಟ್ಟು ಹೊರಗೆ ಬರ್ತಿರಲಿಲ್ಲ. ಬಾಗಿಲು ತೆರೆದೇ ಇತ್ತು. ಹೊರಗೆ ಬಿಸಿಲು, ಮುಂದೆ ಹಸಿರು ಹುಲ್ಲು. ಕುತ್ತಿಗೆ ಚಾಚುತ್ತೆ, ಚಾಚುತ್ತೆ, ಹೊಸ್ತಿಲ ಹತ್ತಿರ ಬಂದು ಮೂಗು ಗಕ್ಕಂತ ನಿಲ್ಲುತ್ತೆ. ಗಾಜಿಗೆ ತಗುಲಿದ ಹಾಗೆ. ಮೂಗಿನ ಹೊಳ್ಳೆ ಆ ಗಾಳಿಯಲ್ಲೇ ಚಪ್ಪಟೆ ಆಗ್ತಿತ್ತು. ಅಕ್ಕ ಅದನ್ನ ಹತ್ತಿರದಿಂದ ನೋಡಿದ್ದಾಳೆ.

ಚಿಲಕದ ಸದ್ದು ಕೇಳಿದ ಮಾರನೇ ದಿನ ಅಕ್ಕ ಆ ಬಾಗಿಲನ್ನ ಸರಿಯಾಗಿ ನೋಡಿದ್ಲು. ದಪ್ಪ ಹಲಗೆ. ಒಳಮೈಯೆಲ್ಲ ಕುದುರೆ ಹಲ್ಲಿನಿಂದ ಕಡಿದ ಗುರುತು. ಹೊರಮೈಯಲ್ಲಿ ಚಿಲಕ...

ಇರಲೇ ಇಲ್ಲ. ಸ್ಕ್ರೂ ಹಾಕಿದ್ದ ತೂತುಗಳು ಮಾತ್ರ ಇದ್ವು, ಅದರೊಳಗೆ ಜೇಡ ಗೂಡು ಕಟ್ಟಿತ್ತು. ಕನ್ನಡಕದವರಿಗೆ ಫೋನ್ ಮಾಡಿ ಕೇಳಿದ್ಲು. ಅಂಗಡಿಯಲ್ಲಿ ಗಿರಾಕಿ ಇದ್ರು ಅಂತ ಕಾಣುತ್ತೆ, ಅವರು ತಗ್ಗಿದ ದನಿಯಲ್ಲಿ ಹೇಳಿದ್ರು. ಆ ಚಿಲಕ ಕಿತ್ತು ಹೋಗಿ ಎಷ್ಟೋ ವರ್ಷ ಆಯ್ತಂತೆ. ರಾಣಿಯಮ್ಮ ಕುದುರೆಗಳನ್ನ ಯಾವತ್ತೂ ಕೂಡಿ ಹಾಕ್ತಿರಲಿಲ್ಲ, ಆ ಬಾಗಿಲನ್ನ ಯಾರೂ ಯಾವತ್ತೂ ಮುಚ್ಚಿದ್ದೇ ಇಲ್ಲ ಅಂದ್ರು.

ಯೋಚನೆ ಮಾಡಿ ನೋಡು. ಬಾಗಿಲು ತೆರೆದಿತ್ತು. ಮುಂದೆ ಹುಲ್ಲಿತ್ತು. ಮೂರು ಕುದುರೆ ಒಳಗೆ ನಿಂತು ಹಲಗೆ ಕಡಿದು ಕಡಿದು ಹಸಿದ್ವು.

ಅಕ್ಕ ಇದನ್ನ ಭಾವನಿಗೆ ಹೇಳಲಿಲ್ಲ. ಹೇಳಿದ್ರೆ ರಾತ್ರಿ ಹೋಗೋಕೆ ಬಿಡ್ತಿರಲಿಲ್ಲ. ಹೋಗದಿದ್ರೆ ಬೆಳ್ಳಿ ಬದುಕ್ತಿರಲಿಲ್ಲ.

ಆಮೇಲೆ ಒಂದು ರಾತ್ರಿ ಹೋದ್ಲು. ಚಳಿ ಇತ್ತು. ಸ್ವೆಟರ್ ಹಾಕಿ, ಮೇಲೆ ಶಾಲು ಹೊದ್ದಿದ್ಲು. ಹುಲ್ಲಿನ ಬುಟ್ಟಿ ಹೊರಗಿನ ಕಲ್ಲಿನ ಮೇಲೆ ಇಟ್ಲು, ಮೊಬೈಲು ಬುಟ್ಟಿಯೊಳಗೇ ಇತ್ತು. ಟಾರ್ಚ್ ಬೆಳಕಲ್ಲಿ ನೋಡಿದ್ರೆ ಬೆಳ್ಳಿಯ ಮುಂಗಾಲು ಮಡಚ್ತಿದೆ. ಮಲಗೋಕೆ ಹೊರಟಿದೆ. ಇವಳು ಎಲ್ಲ ಬಿಟ್ಟು ಒಳಗೆ ಓಡಿದ್ಲು. ಭುಜ ಕೊಟ್ಟು, ಹೊಟ್ಟೆ ಕೆಳಗೆ ಕೈ ಕೊಟ್ಟು, ಬೈದು, ಬೇಡಿಕೊಂಡು, ಹೇಗೋ ನಿಲ್ಲಿಸಿದ್ಲು. ಟಾರ್ಚ್ ಹುಲ್ಲಿನ ಮೇಲೆ ಬಿದ್ದು ಆರಿಹೋಯ್ತು. ಕುದುರೆಯ ಕೊರಳು ತಬ್ಬಿ ಉಸಿರು ಸುಧಾರಿಸ್ಕೋತಿದ್ಲು...

ಕರ್ರ್ರ್...

ಈ ಸಲ ನಿಧಾನವಾಗಿ.

...ಟಕ್.

ತಿರುಗಿ ನೋಡಿದ್ಲು. ಹೊರಗಿನ ನಕ್ಷತ್ರ ಇಲ್ಲ. ಅಂಗಳ ಇಲ್ಲ. ಬಾಗಿಲು ಮುಚ್ಚಿತ್ತು.

ಹೋಗಿ ಕೈ ಇಟ್ಲು. ಹಲಗೆ. ತಣ್ಣಗಿತ್ತು. ಸಿಬಿರು ಬೆರಳಿಗೆ ಚುಚ್ಚಿತು. ತಳ್ಳಿದ್ಲು, ಅಲ್ಲಾಡಲಿಲ್ಲ. ಇಟ್ಟಿಗೆ ಅಡ್ಡ ಇಟ್ಟಿದ್ದು ಅವಳೇ, ಅದು ಹೇಗೆ ಮುಚ್ಚಿತು? ಭುಜದಿಂದ ಗುದ್ದಿದ್ಲು. ಧಡ್... ಧಡ್... ಕಿರುಚಿದ್ಲು. ಆ ಕೋಣೆಯಲ್ಲಿ ದನಿ ದೂರ ಹೋಗ್ತಿರಲಿಲ್ಲವಂತೆ. ದಿಂಬಿಗೆ ಬಾಯಿ ಒತ್ತಿ ಕೂಗಿದ ಹಾಗೆ, ಬಾಯಿ ಮುಂದೆಯೇ ಸತ್ತು ಹೋಗ್ತಿತ್ತು. ಕಿಟಕಿ ಇಲ್ಲ. ಹಲಗೆ ನಡುವಿನ ಸಂದಿ ಒಂದೇ. ಅದರಲ್ಲಿ ಕಣ್ಣಿಟ್ರೆ ಅಂಗಳದ ಒಂದು ಗೆರೆ ಕಾಣ್ತಿತ್ತು, ಕಲ್ಲಿನ ಮೇಲಿನ ಬುಟ್ಟಿಯ ಅಂಚು ಕಾಣ್ತಿತ್ತು.

ಎಷ್ಟು ಹೊತ್ತಾಯ್ತೋ. ಬುಟ್ಟಿಯೊಳಗಿಂದ ಮೊಬೈಲ್ ಬಡ್ಕೊಳ್ಳೋಕೆ ಶುರುವಾಯ್ತು. ಭಾವ. ಎಲ್ಲಿದ್ದೀಯಾ ಅಂತ ಕೇಳೋಕೆ. ಬೆಳಕು ಬುಟ್ಟಿಯ ಹೆಣಿಗೆಯಿಂದ ಸೋರ್ತಿತ್ತು. ಕೈಗೆ ಸಿಗೋ ಅಷ್ಟು ಹತ್ತಿರ. ನಿಲ್ತು. ಮತ್ತೆ ಬಡ್ಕೊಂಡ್ತು. ನಿಲ್ತು.

ಆಗ ಕೇಳಿಸಿದ್ದು.

"ಶ್..."

ಹೊರಗಿಂದ ಅಲ್ಲ. ಒಳಗಿಂದ. ಕುದುರೆಯ ಆಚೆ, ಮೇವು ಹಾಕೋ ಮೂಲೆಯಿಂದ.

"ಕೂಗಬೇಡಮ್ಮ... ಕೂಗಿದ್ರೆ ಬರ್ತಾರೆ. ಬಂದ್ರೆ ನೋಡ್ತಾರೆ."

ವಯಸ್ಸಾದ ಹೆಂಗಸಿನ ದನಿ. ಕೋಪ ಇಲ್ಲ. ಬೆದರಿಸೋ ದನಿಯೂ ಅಲ್ಲ. ಮನೆಗೆ ನೆಂಟರು ಬಂದಾಗ ಒಳಕೋಣೆಯಲ್ಲಿ ಮಕ್ಕಳಿಗೆ ಸುಮ್ಮನಿರಿ ಅಂತ ಹೇಳ್ತಾರಲ್ಲ, ಹಾಗೆ. ಅಕ್ಕ ಬಾಗಿಲಿಗೆ ಬೆನ್ನು ಒತ್ತಿ ನಿಂತ್ಲು. ಆದ್ರೂ ಕೇಳಿದ್ಲು.

"ನೋಡಿದ್ರೆ ಏನಾಗುತ್ತೆ?"

ಬೆಳ್ಳಿಯ ಉಸಿರು... ಫುರ್ರ್... ಫುರ್ರ್... ಅಷ್ಟೇ.

"ಹೇಗಿದ್ವು ಗೊತ್ತಾ ನನ್ನ ಮಕ್ಕಳು... ಈಗ ಹೇಗೆ ತೋರಿಸಲಿ."

ಅಂಗಳದ ಗೇಟು ಕಿರ್ರ್ ಅಂತು. ಭಾವ. ಸಂದಿಯಲ್ಲಿ ಅಕ್ಕ ಅವರ ಟಾರ್ಚ್ ನೋಡಿದ್ಲು. ಅವರು ಬುಟ್ಟಿ ನೋಡಿದ್ರು, ಮೊಬೈಲ್ ಎತ್ತಿ ಜೇಬಿಗೆ ಹಾಕ್ಕೊಂಡ್ರು, ನೇರ ಬಾಗಿಲ ಮುಂದೆ ಬಂದು ನಿಂತ್ರು. ಅಕ್ಕನಿಗೂ ಅವರಿಗೂ ನಡುವೆ ಒಂದು ಹಲಗೆ. ಅವರ ಸ್ವೆಟರಿನ ಜೋತುಬಿದ್ದ ಗುಂಡಿ ಕಾಣ್ತಿತ್ತು. ಬೀಡಿ ವಾಸನೆ ಬರ್ತಿತ್ತು, ಬಿಟ್ಟಿದ್ದೀನಿ ಅಂತ ಹೇಳಿದ್ದ ಬೀಡಿ. ಅಕ್ಕ ಎರಡೂ ಮುಷ್ಟಿಯಲ್ಲಿ ಹಲಗೆ ಬಡಿದ್ಲು, ಅವರ ಮೂಗಿನ ನೇರಕ್ಕೆ. ರೀ, ಇಲ್ಲಿದ್ದೀನಿ, ಇಲ್ಲೇ ಇದ್ದೀನಿ ಅಂತ ಕೂಗಿದ್ಲು. ಗೆಣ್ಣು ಒಡೆದು ರಕ್ತ ಬಂತು.

ಭಾವ ಟಾರ್ಚ್ ಎತ್ತಿ ಒಳಗೆ ಬಿಟ್ರು. ಬೆಳಕು ಅವಳ ಮುಖದ ಮೇಲೇ ಬಿತ್ತು. ಕಣ್ಣು ಕುಕ್ಕಿತು. ಅಲ್ಲಿಂದ ಕುದುರೆ ಮೇಲೆ ಹೋಯ್ತು. ಮೂಲೆಗೆ ಹೋಯ್ತು. ವಾಪಸ್ ಬಂತು.

"ಇಲ್ಲೂ ಇಲ್ಲ" ಅಂದ್ರು ಅವರು, ತಮ್ಮಷ್ಟಕ್ಕೆ. ತಿರುಗಿ ಹೊರಟೇಬಿಟ್ರು.

ಗೇಟು ಕಿರ್ರ್ ಅಂತು.

ಆ ಕ್ಷಣ ಹೇಗಿತ್ತು ಅಂತ ಹೇಳೋಕೆ ಬರಲ್ಲ ಕಣೇ ಅಂತಾಳೆ ಅಕ್ಕ. ಸತ್ತ ಮೇಲೆ ಮನೆಯವರೆಲ್ಲ ಮಾತಾಡ್ತಾ ಊಟ ಮಾಡೋದನ್ನ ನೋಡಿದ ಹಾಗಿರಬೇಕು ಅಂತಾಳೆ. ಹುಲ್ಲಿನ ಮೇಲೆ ಕೂತ್ಲು. ಕೂತ ಮೇಲೆ... ಇದು ನನಗೆ ಎಲ್ಲಕ್ಕಿಂತ ಭಯ ಆಗೋ ಭಾಗ... ಕೂತ ಮೇಲೆ ಅವಳಿಗೆ ಹಾಯಾದ ಹಾಗೆ ಅನ್ನಿಸ್ತಂತೆ. ಸರಿಯೇ ಆಯ್ತು ಅನ್ನಿಸ್ತಂತೆ. ಕೂದಲು ಕೆದರಿದೆ, ಮೈಯೆಲ್ಲ ಲದ್ದಿ, ಕೈಯಲ್ಲಿ ರಕ್ತ. ಕುದುರೆ ಸಾಯೋ ಹಾಗಿದೆ. ಎಲ್ಲರಿಗೂ ಬುದ್ಧಿ ಹೇಳೋ ಹೆಂಗಸು ಒಂದು ಕುದುರೆ ಉಳಿಸಲಿಲ್ಲ ಅಂತಾರೆ. ಈ ಸ್ಥಿತಿಯಲ್ಲಿ ಯಾರೂ ನೋಡದೇ ಇರೋದೇ ಒಳ್ಳೇದು. ಇಲ್ಲೇ ಇರೋಣ. ಸದ್ದು ಮಾಡದೆ ಇರೋಣ.

ಮೂಲೆಯಿಂದ ದನಿ ಏನೂ ಹೇಳಲಿಲ್ಲ. ಹೇಳೋ ಅಗತ್ಯವೇ ಇರಲಿಲ್ಲ. ಮಾತು ಆಗಲೇ ಅಕ್ಕನ ತಲೆಯೊಳಗೆ ಬಂದು ಕೂತಿತ್ತು.

ಬೆಳ್ಳಿಯ ಮುಂಗಾಲು ಮತ್ತೆ ಮಡಚ್ತು. ಮಂಡಿ ಹುಲ್ಲಿಗೆ ತಗುಲಿದ ಸದ್ದು, ಸರ್... ಅಂತ. ಆ ಸದ್ದಿಗೆ ಅಕ್ಕನಿಗೆ ಎಚ್ಚರ ಆದ ಹಾಗಾಯ್ತು. ಎದ್ದು ಭುಜ ಕೊಟ್ಲು. ಕುದುರೆಯನ್ನ ಎತ್ತಿ ಹಿಡ್ಕೊಂಡು ನಿಂತಾಗ ಒಂದು ಮಾತು ಹೊಳೀತು.

ಭಾವ ಚಿಲಕ ತೆಗೀಲಿಲ್ಲ. ಬಾಗಿಲು ಎಳೀಲಿಲ್ಲ. ಸಿಕ್ಕಿಬಿದ್ದವರನ್ನ ಬಿಡಿಸೋದೇ ಕೆಲಸ ಆಗಿರೋ ಮನುಷ್ಯ, ಮುಚ್ಚಿದ ಬಾಗಿಲು ಕಂಡ್ರೆ ಕೈ ಹಾಕದೇ ಹೋಗ್ತಾರಾ? ನಿಂತಲ್ಲಿಂದಲೇ ಒಳಗೆ ಬೆಳಕು ಬಿಟ್ಟು ಖಾಲಿ ಅಂದ್ರು. ಅಂದ್ರೆ ಅವರ ಕಣ್ಣಿಗೆ ಬಾಗಿಲು ತೆರೆದಿತ್ತು. ಮುಚ್ಚಿರೋದು ಒಳಗಿದ್ದವರಿಗೆ ಮಾತ್ರ.

ಆದ್ರೆ ಗೊತ್ತಾದ್ರೆ ಏನು ಬಂತು? ಹೋಗಿ ಮುಟ್ಟಿದ್ರೆ ಹಲಗೆ ಹಲಗೆಯೇ. ಸಿಬಿರು ಸಿಬಿರೇ.

ಕುದುರೆ ಸಾಕೋರಿಗೆ ಗೊತ್ತಿರೋ ಒಂದು ವಿಷಯ ಇದೆ. ಲಾಯಕ್ಕೆ ಬೆಂಕಿ ಬಿದ್ರೆ ಕುದುರೆ ಹೊರಗೆ ಬರಲ್ಲ. ಬಾಗಿಲು ತೆರೆದಿಟ್ರೂ ಬರಲ್ಲ. ತಾನು ನಿಂತ ಜಾಗವೇ ಕ್ಷೇಮ ಅಂದ್ಕೊಂಡು ಅಲ್ಲೇ ಸುಟ್ಟು ಹೋಗುತ್ತೆ. ಅದನ್ನ ತರೋಕೆ ಇರೋದು ಒಂದೇ ದಾರಿ. ಕಣ್ಣಿಗೆ ಬಟ್ಟೆ ಕಟ್ಟಬೇಕು, ಕಟ್ಟಿ ನಡೆಸಬೇಕು. ಕಾಣದಿದ್ರೆ ಕಾಲು ಬರುತ್ತೆ.

ಅಕ್ಕ ಶಾಲು ತೆಗೆದು ಬೆಳ್ಳಿಯ ಕಣ್ಣಿಗೆ ಬಿಗಿಯಾಗಿ ಸುತ್ತಿದ್ಲು. ಮುಖಕ್ಕೆ ಹಾಕಿದ್ದ ಹಗ್ಗ ಹಿಡಿದು ಎಳೆದ್ಲು. ಕುದುರೆ ಕಲ್ಲಿನ ಹಾಗೆ ನಿಂತಿತು. ಯಾಕಂದ್ರೆ ಎಳೆಯೋ ಕೈಯೇ ಹಿಂಜರೀತಿತ್ತು. ಮುಂದೆ ಬಾಗಿಲಿದೆ ಅಂತ ಅಕ್ಕನ ಮೈ ನಂಬಿತ್ತು. ಕುದುರೆಗೆ ಅದು ಹಗ್ಗದಲ್ಲೇ ಗೊತ್ತಾಗುತ್ತೆ, ನೀನು ಮೋಸ ಮಾಡೋಕಾಗಲ್ಲ.

ಆಗ ಅವಳು ತನ್ನ ಸ್ವೆಟರನ್ನೇ ತಲೆ ಮೇಲಕ್ಕೆ ಎಳ್ಕೊಂಡು ಮುಖ ಮುಚ್ಚಿಕೊಂಡ್ಲು. ಬರೀ ಕಣ್ಣು ಮುಚ್ಚಿದ್ರೆ ಕೊನೇ ಗಳಿಗೆಯಲ್ಲಿ ತೆರೆದೇ ತೆರೀತೀನಿ ಅಂತ ಅವಳಿಗೆ ಗೊತ್ತಿತ್ತು. ಕೈ ಮುಂದೆ ಚಾಚಲಿಲ್ಲ. ಚಾಚಿದ್ರೆ ಹಲಗೆ ಸಿಗುತ್ತೆ. ಎರಡೂ ಕೈಯಲ್ಲಿ ಹಗ್ಗ ಎದೆಗೆ ಒತ್ತಿ ಹಿಡ್ಕೊಂಡ್ಲು. ಲಾಯ ಮರೀಬೇಕು. ಮನೆ ನೆನಸ್ಕೋಬೇಕು. ಅವಳ ಬಾಯಿಗೆ ಆಗ ಬಂದಿದ್ದು ದೇವರ ಹೆಸರಲ್ಲ, ಭಾವನ ಮೇಲಿನ ಬೈಗುಳ. ಹಾಲು ಒಲೆ ಮೇಲಿಟ್ಟು ಮರೆತು ಬಂದಿರ್ತಾರೆ ಈ ಮನುಷ್ಯ... ಪಾತ್ರೆ ಸುಟ್ಟು ಕರಕಲಾಗಿರುತ್ತೆ... ಬೀಡಿ ಬಿಟ್ಟೆ ಅಂತ ಸುಳ್ಳು ಬೇರೆ... ಅಂತ ಗೊಣಗ್ತಾ, ಅಡುಗೆಮನೆಗೆ ಹೋಗೋ ನಡಿಗೆಯಲ್ಲಿ ಹೆಜ್ಜೆ ಹಾಕಿದ್ಲು.

ಹಗ್ಗ ಸಡಿಲ ಆಯ್ತು. ಕುದುರೆ ಬರ್ತಿತ್ತು.

"ಬಾಗಿಲಿದೆ..." ಬೆನ್ನ ಹಿಂದೆಯೇ ದನಿ. "ಬಾಗಿಲಿದೆ ಕಣಮ್ಮ. ಮುಖ ಒಡೆಯುತ್ತೆ."

ಹಾಲು ಉಕ್ಕಿರುತ್ತೆ. ಒಲೆಯೆಲ್ಲ ಆಗಿರುತ್ತೆ. ಹೆಜ್ಜೆ.

"ನಿಲ್ಲು."

ಉಜ್ಜೋಳು ಯಾರು, ನಾನೇ. ಹೆಜ್ಜೆ.

ಈಗ ಹಲಗೆ ತಗುಲಬೇಕು. ಈಗ. ಹಣೆ ಬಿಗಿ ಆಯ್ತು. ಈಗ...

ಹಿಂದಿಂದ ಕೊನೇ ಸಲ ದನಿ ಬಂತು. ತೀರ ಸಣ್ಣಗೆ.

"ಏನಾದ್ರೂ ಹೊದಿಸ್ಕೊಂಡು ಹೋಗು... ಎಲುಬು ಕಾಣುತ್ತೆ."

ಅಕ್ಕನ ಕತ್ತಿಗೆ ತಣ್ಣನೆ ಗಾಳಿ ಬಡೀತು. ಕಾಲ ಕೆಳಗೆ ಹುಲ್ಲಿರಲಿಲ್ಲ, ಕಲ್ಲಿತ್ತು. ಹಿಂದೆ ಗೊರಸು ಕಲ್ಲಿಗೆ ಬಿದ್ದ ಸದ್ದು... ಟಕ್. ಆಮೇಲೆ ಇನ್ನೊಂದು. ಟಕ್. ಟಕ್. ಟಕ್. ನಾಲ್ಕೂ ಕಾಲು ಹೊರಗೆ ಬಂದ ಮೇಲೆ ಅವಳು ಅಲ್ಲೇ ಕುಸಿದು ಕೂತ್ಲು. ಸ್ವೆಟರ್ ಕೆಳಗಿಳಿಸಲಿಲ್ಲ.

ಕುದುರೆಯೂ ಕಾಣಲಿಲ್ಲ ಅಂತ ಭಾವ ಡಾಕ್ಟ್ರನ್ನ ಎಬ್ಬಿಸಿ ಕರ್ಕೊಂಡು ಬಂದಿದ್ರು. ಗೇಟಿನ ಹತ್ತಿರ ಇಬ್ಬರೂ ನಿಂತುಬಿಟ್ಟಿದ್ರು. ತೆರೆದ ಬಾಗಿಲಿಂದ ಮುಖ ಮುಚ್ಚಿದ ಹೆಂಗಸು, ಹಿಂದೆ ಮುಖ ಮುಚ್ಚಿದ ಬಿಳಿ ಕುದುರೆ ನಡ್ಕೊಂಡು ಬಂದಿದ್ದನ್ನ ಇಬ್ಬರೂ ನೋಡಿದ್ದಾರೆ. ಭಾವ ಓಡಿ ಬಂದು ಅವಳ ತಲೆ ಹಿಡ್ಕೊಂಡ್ರು.

"ನಾನು ನೋಡಿದ್ನಲ್ಲೇ... ಹುಲ್ಲು ಇತ್ತು, ಬಕ್ಕೆಟ್ ಇತ್ತು. ಅಷ್ಟೇ ಇತ್ತು."

ಅಕ್ಕ ಅವರ ಸ್ವೆಟರಿನ ಜೋತುಬಿದ್ದ ಗುಂಡಿ ತೋರಿಸಿ, ಟಾರ್ಚ್ ಮೊದಲು ಎಲ್ಲಿಗೆ ಬಿಟ್ರಿ, ಆಮೇಲೆ ಎಲ್ಲಿಗೆ, ಏನಂದ್ರಿ, ಎಲ್ಲಾ ಹೇಳಿದ್ಲು. ಭಾವ ತಮ್ಮ ಸ್ವೆಟರ್ ಬಿಚ್ಚಿ ಕುದುರೆಯ ಬೆನ್ನಿಗೆ ಹೊದಿಸಿದ್ರು. ಅಕ್ಕ ಆ ದನಿಯ ವಿಷಯ ಇನ್ನೂ ಹೇಳಿಯೇ ಇರಲಿಲ್ಲ.

ಆವತ್ತಿನಿಂದ ಭಾವ ಎಷ್ಟೋ ಬದಲಾಗಿದ್ದಾರೆ. ಈಗ ಕೆಟ್ಟುನಿಂತ ಲಿಫ್ಟ್ ತೆರೆದು ಖಾಲಿ ಕಂಡ್ರೂ ಮುಚ್ಚಲ್ಲ. ಒಳಗೆ ಹೋಗಿ ನಾಲ್ಕೂ ಮೂಲೆ ಕೈಯಲ್ಲಿ ತಡವಿ, ಯಾರಾದ್ರೂ ಇದ್ದೀರಾ ಅಂತ ಕೇಳಿ, ಆಮೇಲೆ ಬಾಗಿಲು ಹಾಕ್ತಾರೆ. ಜತೆ ಕೆಲಸದವರು ನಗ್ತಾರಂತೆ. ನಗಲಿ ಅಂತಾರೆ.

ಆ ಲಾಯ ಇನ್ನೂ ಹಾಗೇ ಇದೆ. ಬಾಗಿಲೆಲ್ಲ ತೆರೆದೇ ಇದೆ. ಆ ಕಡೆ ಹೋದವರು, ಏನಿಲ್ಲಪ್ಪ, ಖಾಲಿ ಇದೆ ಅಂತಾರೆ. ಖಾಲಿ ಇದೆ ಅಂದಷ್ಟೂ ನನಗೆ ಅನುಮಾನ. ನಾನಂತೂ ಹೋಗಲ್ಲ.

ಬೆಳ್ಳಿ ಬದುಕಿತು. ಒಂದು ಚಳಿಗಾಲ ದಾಟಿತು, ಇನ್ನೊಂದೂ ದಾಟಿತು. ಎಲುಬು ಮುಚ್ಚುವಷ್ಟು ಮಾಂಸ ತುಂಬಿಕೊಂಡಿದೆ. ಓಡಿದ್ರೆ ಬಾಲ ಮೇಲೇಳುತ್ತೆ, ನೋಡಿದವರು ನಿಂತು ನೋಡ್ತಾರೆ. ಸೂರಿನ ಕೆಳಗೆ ಮಾತ್ರ ಹೋಗಲ್ಲ, ಮಳೆ ಬಂದ್ರೂ ಬಯಲಲ್ಲೇ. ಅದರ ಬೆನ್ನು ಹತ್ತೋ ಹಾಗಿಲ್ಲ. ಬೆನ್ನುಮೂಳೆ ಮಗುವಿನ ಭಾರವನ್ನೂ ತಡೆಯಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಅಕ್ಕನ ಹತ್ತಿರ ಜೀನು ಅನ್ನೋದೇ ಇಲ್ಲ, ಅವಳು ಯಾವ ಕುದುರೆಯನ್ನೂ ಸವಾರಿ ಮಾಡೋಳಲ್ಲ.

ಹೋದ ತಿಂಗಳು ನಾನು ಅಲ್ಲಿ ಉಳ್ಕೊಂಡಿದ್ದೆ. ಬೆಳಿಗ್ಗೆ ಬೇಗ ಎದ್ದು ಹೊರಗೆ ಬಂದೆ. ಹುಲ್ಲಿನ ಮೇಲೆ ಇಬ್ಬನಿ, ಬಾಯಿ ತೆರೆದ್ರೆ ಹೊಗೆ, ಅಷ್ಟು ಚಳಿ. ಬೆಳ್ಳಿ ಬೇಲಿ ಹತ್ತಿರ ಮೇಯ್ತಾ ಇತ್ತು. ಹೋಗಿ ಮೈ ಸವರಿದೆ. ಕುತ್ತಿಗೆ ಒಣಗಿತ್ತು. ಹೊಟ್ಟೆ ಒಣಗಿತ್ತು. ಬೆನ್ನ ಮೇಲೆ ಮಾತ್ರ, ಜೀನು ಕೂರೋ ಅಷ್ಟು ಅಗಲ, ಜೀನಿನ ಆಕಾರದಲ್ಲೇ, ಬೆವರು. ಎರಡೂ ಪಕ್ಕಕ್ಕೆ ಪಟ್ಟಿ ಬಿಗಿದ ಗೆರೆ ಹೊಟ್ಟೆ ಕಡೆಗೆ ಇಳಿದಿತ್ತು. ಅಕ್ಕನನ್ನ ಕೂಗಿ ಕರೆದೆ. ಅವಳು ಬಂದಳು, ನೋಡಿದಳು, ಒಂದು ಹಿಡಿ ಹುಲ್ಲಿನಿಂದ ಒರೆಸೋಕೆ ಶುರು ಮಾಡಿದ್ಲು. ಎಷ್ಟೋ ಸಲ ಒರೆಸಿ ಅಭ್ಯಾಸ ಇರೋರ ಹಾಗೆ.

ಬೇಲಿಯೊಳಗೆ ರಾತ್ರಿ ಯಾರೂ ಬಂದಿರಲಿಲ್ಲ. ಇಬ್ಬನಿ ಮೇಲೆ ನಮ್ಮಿಬ್ಬರ ಹೆಜ್ಜೆ ಬಿಟ್ಟು ಬೇರೆ ಮನುಷ್ಯರ ಗುರುತಿರಲಿಲ್ಲ. ನಾನು ಮುಟ್ಟಿದ್ದೀನಿ, ಇದೇ ಅಂಗೈಯಲ್ಲಿ.

ಬೆವರು ಇನ್ನೂ ಬಿಸಿ ಇತ್ತು.